ಹನ್ನೆರಡು ಸೆಕೆಂಡಿನ ಹೇವರಿಕೆ

ನಾತ ನಿಜವಾಗಿಯೂ ಇದೆಯೋ ಅಥವಾ ತನ್ನ ಮೂಗೇ ಅದನ್ನು ಹುಟ್ಟಿಸಿಕೊಳ್ಳುತ್ತಿದೆಯೋ ಎನ್ನುವುದು ನಾಲ್ಕು ತಿಂಗಳಾದರೂ ಅವನಿಗೆ ಬಗೆಹರಿದಿರಲಿಲ್ಲ. ಬೆಳಿಗ್ಗೆ ಎದ್ದವನು ಮೊದಲು ದಿಂಬನ್ನು ಮೂಸಿದ, ಆಮೇಲೆ ಟವೆಲ್ಲನ್ನು, ಆಮೇಲೆ ಹಲ್ಲುಜ್ಜುವ ಬ್ರಷ್ಷನ್ನು. ಬ್ರಷ್ಷನ್ನು ಬಚ್ಚಲಲ್ಲಿ ಇಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು; ತನ್ನ ಕೋಣೆಯ ಪುಸ್ತಕದ ಕಪಾಟಿನಲ್ಲಿ, ಕದ್ದ ಮಾಲಿನಂತೆ, ಪುಸ್ತಕಗಳ ಹಿಂದೆ ಇಡುತ್ತಿದ್ದ. ಬಚ್ಚಲಿನ ಮೂಲೆಯಲ್ಲಿ ಮುಚ್ಚಳವಿದ್ದ ಒಂದು ನೀಲಿ ಡಬ್ಬವಿತ್ತು. ಅಕ್ಕನ ಹೊಟ್ಟೆಯ ಎಡಭಾಗದಲ್ಲಿ ವೈದ್ಯರು ಹೊಸದಾಗಿ ಒಂದು ಬಾಯಿ ತೆರೆದಿದ್ದರು. ಇನ್ನು ಮುಂದೆ ಅವಳ ಕರುಳು ಅಲ್ಲಿಂದಲೇ ಖಾಲಿಯಾಗಬೇಕು, ಅಲ್ಲಿಗೆ ಅಂಟಿಸಿದ ಚೀಲಕ್ಕೆ ತುಂಬಿಕೊಳ್ಳಬೇಕು. ಚೀಲ ಬದಲಾಯಿಸಿದಾಗಲೆಲ್ಲ ಹಳೆಯದು ಪತ್ರಿಕೆಯಲ್ಲಿ ಸುತ್ತಿಕೊಂಡು ಆ ಡಬ್ಬಕ್ಕೆ ಹೋಗುತ್ತಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು. ಬಿಗಿಯಾಗಿದೆಯೇ ಎಂದು ದಿನಕ್ಕೆ ನಾಲ್ಕು ಸಲ ಒತ್ತಿ ನೋಡುವವನೂ ಅವನೇ, ಒತ್ತಿದ ಮೇಲೆ ಅಂಗೈ ಮೂಸಿಕೊಳ್ಳುವವನೂ ಅವನೇ. ಮೂಸಿದರೆ ಬರೀ ಸೋಪಿನ ವಾಸನೆ. ಆ ಸೋಪಿನ ವಾಸನೆ ಹೋಗಲೆಂದು ಈಗ ಮತ್ತೆ ಕೈ ತೊಳೆಯುತ್ತಿದ್ದ.

"ತಮ್ಮಾ, ಎದ್ಯಾ?" ಎಂದು ಅಕ್ಕ ಒಳಗಿನಿಂದ ಕೂಗಿದಳು. ಅವನು ನೀರಿನ ಲೋಟ ಹಿಡಿದು ಅವಳ ಬಾಗಿಲ ಹೊರಗೆ ಒಂದು ಕ್ಷಣ ನಿಂತ. ಎದೆ ತುಂಬ ಉಸಿರೆಳೆದುಕೊಂಡ. ಒಳಗೆ ಹೋಗಿ ಲೋಟವನ್ನು ಸ್ಟೂಲಿನ ಮೇಲಿಟ್ಟು, ಕಿಟಕಿಯ ಪರದೆ ಸರಿಸಿ, ಅಕ್ಕನ ಕಡೆ ತಿರುಗಿ ನಕ್ಕು, ಹೊರಬರುವುದಕ್ಕೆ ಹನ್ನೆರಡು ಸೆಕೆಂಡು ಬೇಕು. ಒಮ್ಮೆ ಎಣಿಸಿದ್ದ. ಅಷ್ಟು ಹೊತ್ತು ಉಸಿರು ಕಟ್ಟಿ ಇರಬಹುದು, ಬಾಯಿ ತೆರೆಯದೆ ಮಾತನಾಡಬೇಕು ಅಷ್ಟೆ.

"ಇವತ್ತು ಶುಕ್ರವಾರ," ಎಂದಳು ಅಕ್ಕ. "ಸಂಜೆ ಬದಲಾಯಿಸ್ಬೇಕು. ನರ್ಸ್ ಇನ್ನು ಬರಲ್ಲ, ನೆನಪಿದೆ ತಾನೆ?"

"ಹ್ಞೂಂ."

"ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ನಂಗೇನೂ ಬೇಜಾರಿಲ್ಲ."

"ಹ್ಞೂಂ," ಎಂದ ಮತ್ತೆ. ಯಾವುದಕ್ಕೆ ಹ್ಞೂಂ ಎಂದು ಅವಳು ಕೇಳಲಿಲ್ಲ. ಎದೆಯಲ್ಲಿದ್ದ ಉಸಿರು ಮುಗಿಯುತ್ತ ಬಂದಿದ್ದರಿಂದ ಅವನೂ ನಿಲ್ಲಲಿಲ್ಲ.

ಮಂಗಳವಾರ ಕೊನೆಯ ಸಲ ಬಂದಿದ್ದ ನರ್ಸ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸಿಕೊಟ್ಟಿದ್ದಳು. ಹಳೆಯದನ್ನು ಹೀಗೆ ಮೇಲಿನಿಂದ ಬಿಡಿಸಬೇಕು, ಬೆಚ್ಚಗಿನ ನೀರಲ್ಲಿ ಒರೆಸಬೇಕು, ಹೊಸ ಅಂಟುಬಿಲ್ಲೆಯಲ್ಲಿ ಈ ಅಳತೆಗೆ ತೂತು ಕತ್ತರಿಸಬೇಕು, ದೊಡ್ಡದಾದರೆ ಸುತ್ತಲ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ. ಅವನು ಅಷ್ಟು ಹೊತ್ತೂ ಪರದೆಯ ಹೂವುಗಳನ್ನು ನೋಡುತ್ತ ತಲೆಯಾಡಿಸಿದ್ದ. ಒಂದು ಸಾಲಿನಲ್ಲಿ ಒಂಬತ್ತು ಹೂವು. ಅಕ್ಕ ನಲವತ್ತು ವರ್ಷ ಬಟ್ಟೆ ಹೊಲಿದವಳು. ಕಣ್ಣಳತೆಯಲ್ಲೇ ಕತ್ತರಿ ಹಾಕಿದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಈಗ ಕರುಳಿನ ಕ್ಯಾನ್ಸರಿಗೆ ಕೊಟ್ಟ ಔಷಧಿಯಿಂದ ಅವಳ ಬೆರಳ ತುದಿಗಳು ಸತ್ತಿದ್ದವು, ಕತ್ತರಿ ಹಿಡಿದರೆ ಜಾರುತ್ತಿತ್ತು. "ಮನೇಲಿ ಒಬ್ರು ಕಲೀಬೇಕು, ಇಲ್ಲಾಂದ್ರೆ ಆರೈಕೆ ಮನೆ," ಎಂದು ನರ್ಸ್ ಅಲ್ಲಿಗೆ ಸೇರಿಸುವ ಒಂದು ಅರ್ಜಿಯನ್ನು ಊಟದ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಕೆಳಗೆ ಅವನ ಸಹಿಗೆ ಜಾಗವಿತ್ತು. ಅವನು ಮೂರು ದಿನದಿಂದ ಆ ಮೇಜಿನಲ್ಲಿ ಊಟ ಮಾಡಿರಲಿಲ್ಲ, ಅರ್ಜಿಯ ಕಾರಣಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ನಿಜವಾಗಿ ಅವನು ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಸರಿಯಾಗಿ ಊಟವೇ ಮಾಡಿರಲಿಲ್ಲ. ಬೀದಿಯ ತಿರುವಿನಲ್ಲಿ, ಗೋಡೆಗೆ ಮುಖ ಮಾಡಿ, ಬೇಕರಿಯ ಬ್ರೆಡ್ಡನ್ನು ಕಾಗೆಯ ಹಾಗೆ ಗಬಗಬ ನುಂಗಿ ಕೆಲಸಕ್ಕೆ ಹೋಗುತ್ತಿದ್ದ. ಇವತ್ತೂ ಹಾಗೇ ನಿಂತು ನುಂಗುವಾಗ, ತನ್ನ ಕೋಣೆಯ ಕುರ್ಚಿ ನಿನ್ನೆ ಎರಡು ಬೆರಳಷ್ಟು ತಗ್ಗಿದ್ದದ್ದು ನೆನಪಾಯಿತು. ಅಕ್ಕ ತಾನಿಲ್ಲದಾಗ ಅಲ್ಲಿ ಕೂತಿರಬೇಕು. ಆಸ್ಪತ್ರೆಯಲ್ಲಿ ಕೊಟ್ಟ, ಕ್ರಿಮಿ ಕೊಲ್ಲುವ ಒದ್ದೆ ಕಾಗದದಿಂದ ಅವನು ಆ ಕುರ್ಚಿಯನ್ನು ಉಜ್ಜಿ ಉಜ್ಜಿ ಒರೆಸಿದ್ದ. ತಲೆಯೆತ್ತಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಧೂಳು," ಎಂದಿದ್ದ ಅವನು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವಳು ಏನನ್ನೂ ಕೇಳಿಯೇ ಇರಲಿಲ್ಲ.

ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟಗಳನ್ನು ತಯಾರಿಸುವ ಆಫೀಸು ಅವನದು. ಕತ್ತಿ, ಮಂತ್ರ, ರಾಕ್ಷಸರು, ಶಾಪ. ಯಾವ ಏಟಿಗೆ ಯಾರು ಎಷ್ಟು ಹೊತ್ತು ಏನಾಗಬೇಕು ಎನ್ನುವುದನ್ನು ಕಟ್ಟುವುದು ಅವನ ಕೆಲಸ. ಬೆಂಕಿ ತಗುಲಿದವನು ಉರಿಯುತ್ತಾನೆ, ವಿಷ ತಗುಲಿದವನು ದಿನ ಎಣಿಸುತ್ತಾನೆ, ಹಿಮ ತಗುಲಿದವನು ಕಲ್ಲಾಗುತ್ತಾನೆ. ಇವೆಲ್ಲ ಹಳಸಲು, ಎಲ್ಲರ ಆಟದಲ್ಲೂ ಇರುವಂಥವು, ಹೊಸದೊಂದು ಬೇಕು ಎಂದು ಯಜಮಾನ ಕೇಳಿದ್ದ. ಯಜಮಾನ ಎಂದರೆ ಆಫೀಸಿನ ಹಿರಿಯ, ಮಾತಿಗೊಮ್ಮೆ ಪೆನ್ನಿನ ಮುಚ್ಚಳ ಕಚ್ಚುವವನು. ಆ ಮುಚ್ಚಳಕ್ಕೆ ಹತ್ತಿದ ಉಗುಳನ್ನು ನೋಡಬಾರದೆಂದು ಅವನು ಸಭೆಗಳಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದ. ಯಜಮಾನನಿಗೆ ಅವನು ಕೊಟ್ಟ ಹೊಸ ವಿದ್ಯೆಯ ಹೆಸರು ಹೇವರಿಕೆ. ಜೌಗಿನ ಮುದುಕಿ ಎನ್ನುವ ಶತ್ರು ಅದನ್ನು ಆಟಗಾರನ ಗುಂಪಿನಲ್ಲಿ ಒಬ್ಬನ ಮೇಲೆ ಊದುತ್ತಾಳೆ. ಊದಿಸಿಕೊಂಡವನಿಗೆ ಏನೂ ಆಗುವುದಿಲ್ಲ. ಗಾಯವಿಲ್ಲ, ನೋವಿಲ್ಲ, ಶಕ್ತಿ ಒಂದು ಗೆರೆಯೂ ಇಳಿಯುವುದಿಲ್ಲ. ಅವನ ಜೊತೆಯವರು ಮಾತ್ರ ಹಿಂದೆ ಸರಿಯುತ್ತಾರೆ. ಮದ್ದು ಹಾಕುವವಳು ಕೈ ಚಾಚಿದರೂ ಎಟುಕದಷ್ಟು ದೂರ. ಹನ್ನೆರಡು ಸೆಕೆಂಡು. ಆಮೇಲೆ ಎಲ್ಲರೂ ಏನೂ ಆಗಿಲ್ಲವೆಂಬಂತೆ ವಾಪಸು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ, ಅಷ್ಟರಲ್ಲಿ ಅವನು ಬದುಕಿದ್ದರೆ.

ಬೆಳಗಿನ ಸಭೆಯಲ್ಲಿ ಅದನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಿದರು. ಮುದುಕಿ ಊದಿದಳು. ನಡುವೆ ನಿಂತ ಈಟಿಗಾರನ ಮೈ ಸುತ್ತ ತೆಳು ಹಸಿರು ಮಂಜು. ಅವನ ಐದೂ ಜನ ಒಡನಾಡಿಗಳು ಒಟ್ಟಿಗೇ ಅದನ್ನು ಮಾಡಿದರು: ಗಲ್ಲ ತುಸು ಎಡಕ್ಕೆ, ತೋರುಬೆರಳಿನ ಗೆಣ್ಣು ಮೀಸೆ ತುರಿಸಿಕೊಳ್ಳುವ ನೆಪದಲ್ಲಿ ಮೇಲ್ದುಟಿಗೆ, ಎಡಗಾಲು ಒಂದು ಹೆಜ್ಜೆ ಹಿಂದಕ್ಕೆ. ಮುಖದ ಮೇಲಿನ ಅಕ್ಕರೆಯ ನಗು ಮಾತ್ರ ಇದ್ದ ಹಾಗೇ ಇತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಅರೆ, ಇದು ಇವನೇ," ಎಂದ ಯಾರೋ. ಮೊದಲ ಸಲ ನೋಡಿದಂದಿನಿಂದ, ಮೂರು ವಾರದಿಂದ, ಈ ನಗು ನಡೆದೇ ಇತ್ತು. ಕ್ಯಾಂಟೀನಿನಲ್ಲಿ ಅವನು ತಟ್ಟೆ ಹಿಡಿದು ಬಂದರೆ ಸಾಲಿನಲ್ಲಿದ್ದವರು ಬೆರಳ ಗೆಣ್ಣನ್ನು ಮೇಲ್ದುಟಿಗೆ ಒತ್ತಿ ಒಂದು ಹೆಜ್ಜೆ ಸರಿಯುತ್ತಿದ್ದರು. ಅವನೂ ಹಲ್ಲು ಕಿರಿಯುತ್ತಿದ್ದ. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತು. ಜೊತೆಗೆ, ಹೇಳಲು ನಾಚಿಕೆ, ಒಳಗೊಳಗೇ ಒಂದು ಹೆಮ್ಮೆಯೂ ಆಗುತ್ತಿತ್ತು.

"ಒಂದೇ ತಕರಾರು," ಎಂದ ಆಟ ಆಡಿ ತಪ್ಪು ಹುಡುಕುವ ಪರೀಕ್ಷಕ. "ಬೆಂಕಿ ಬಿದ್ರೆ ಬದುಕ್ತಾರೆ, ವಿಷಾನೂ ತಡ್ಕೋತಾರೆ. ಇದು ಬಿದ್ದೋನು ಮಾತ್ರ ಬದುಕಲ್ಲ. ಏಟೇ ಇಲ್ಲ, ಸಾಯ್ತಾನೆ."

"ಹನ್ನೆರಡು ಯಾಕೆ? ಎಂಟು ಮಾಡೋಣ," ಎಂದು ಯಜಮಾನ ಮುಚ್ಚಳ ಕಚ್ಚಿದ.

"ಹನ್ನೆರಡೇ ಇರ್ಲಿ," ಎಂದ ಅವನು, ಕಿಟಕಿಯ ಕಡೆ ನೋಡುತ್ತ. "ಕೈಗೆ ಬಂದ ಸಂಖ್ಯೆ. ಸರಿಯಾಗಿದೆ."

ಸಭೆ ಮುಗಿದ ಮೇಲೆ ಗೊಂಬೆ ಅವನ ಮೇಜಿನ ಹತ್ತಿರ ಬಂದಳು. ಆಟದ ಸೈನಿಕರ ಕೈಕಾಲು ಆಡಿಸುವವಳಾದ್ದರಿಂದ ಆಫೀಸಿನಲ್ಲಿ ಅವಳಿಗೆ ಅದೇ ಹೆಸರು. ಯಾವ ಚಲನೆಯೇ ಆಗಲಿ, ಯಾರಾದರೂ ಸಹೋದ್ಯೋಗಿಯನ್ನು ಹಿಂದಿನ ಖಾಲಿ ಕೋಣೆಗೆ ಎಳೆದೊಯ್ದು, ನೆಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ ನಿಲ್ಲಿಸಿ, ಅಭಿನಯಿಸಲು ಹೇಳಿ, ಚಿತ್ರ ಹಿಡಿದು, ಅದನ್ನೇ ಗೊಂಬೆಗಳಿಗೆ ತೊಡಿಸುವುದು ಅವಳ ಪದ್ಧತಿ. ಹೇವರಿಕೆಗೆ ಅವನನ್ನೇ ಕರೆದಿದ್ದಳು. ಅವನು ಎಂಟು ಸಲ ಮಾಡಿದ್ದ: ಮೂಗು ಮುಚ್ಚಿಕೊಂಡು, ಓಕರಿಸಿಕೊಂಡು, ಎರಡೂ ಕೈಯಲ್ಲಿ ತಳ್ಳಿಕೊಂಡು. ಬೀದಿ ನಾಟಕದವನ ಹಾಗಿದೆ, ನಂಬಿಕೆ ಬರಲ್ಲ ಎಂದಿದ್ದಳು ಅವಳು. ಒಂಬತ್ತನೆಯದಕ್ಕೆ ನಿಂತಾಗ ಅವನಿಗೆ ಫೋನು ಬಂತು. ಅಕ್ಕ. ಚೀಲ ಬಿಟ್ಟುಕೊಂಡು ಹಾಸಿಗೆಯೆಲ್ಲ ಆಗಿದೆ, ಬೇಗ ಬರೋಕೆ ಆಗುತ್ತಾ, ಎಂದಿದ್ದಳು; ಅಳುತ್ತಿರಲಿಲ್ಲ, ಕ್ಷಮೆ ಕೇಳುವ ದನಿ. "ಬರ್ತೀನಿ ಅಕ್ಕಾ," ಎಂದು ಫೋನಿಗೆ ಅಕ್ಕರೆಯಿಂದ ನಕ್ಕ ಅವನು. ಗೊಂಬೆ ಚಿತ್ರ ಹಿಡಿಯುವುದನ್ನು ನಿಲ್ಲಿಸಿರಲಿಲ್ಲ. "ಇದೇ," ಎಂದಿದ್ದಳು ಮೆಲ್ಲಗೆ, "ಇದೇ ಬೇಕಾಗಿದ್ದು." ಆಮೇಲೆ ಪರದೆಯಲ್ಲಿ ತನ್ನನ್ನೇ ನೋಡಿಕೊಂಡಾಗ ಅವನು ಆ ಗಲ್ಲ, ಆ ಬೆರಳ ಗೆಣ್ಣು, ಆ ಕಾಲನ್ನು ಕಂಡಿದ್ದ. ಫೋನಿಗೆ ವಾಸನೆ ಇರುವುದಿಲ್ಲ. ಊರಿನ ಆ ತುದಿಯಲ್ಲಿದ್ದ ದನಿಗೆ ಅವನ ಎಡಗಾಲು ಪಟ್ಟಿ ದಾಟಿ ಒಂದು ಹೆಜ್ಜೆ ಹಿಂದೆ ಹೋಗಿತ್ತು.

"ಆವತ್ತು ಫೋನಲ್ಲಿ ಯಾರು?" ಎಂದು ಈಗ ಗೊಂಬೆ ಕೇಳಿದಳು. "ನೀನು ಅಕ್ಕಾ ಅಂದ ಹಾಗೆ ಕೇಳಿಸ್ತು."

"ಯಾರೋ ಬ್ಯಾಂಕಿನೋರು," ಎಂದ.

ಅವಳು ಅವನ ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಬೇಡ ಅಂದ್ರೆ ತೆಗೀತೀನಿ. ಇವತ್ತೇ ಕೊನೆ, ನಾಳೆಯಿಂದ ಏನೂ ಬದಲಾಯಿಸೋಕೆ ಬಿಡಲ್ಲ. ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ."

ತೆಗೆ ಎನ್ನಬೇಕಿತ್ತು. ಒಂದು ಮಾತು. ಆದರೆ ಅದು ಚೆನ್ನಾಗಿತ್ತು. ಹದಿನೈದು ವರ್ಷದಲ್ಲಿ ಅವನು ಮಾಡಿದ ಸಾವಿರ ಏಟು, ಸಾವಿರ ಶಾಪಗಳಲ್ಲಿ ಜೀವವಿದ್ದದ್ದು ಇದೊಂದಕ್ಕೇ, ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಇರ್ಲಿ ಬಿಡು," ಎಂದ, "ಚೆನ್ನಾಗಿ ಬಂದಿದೆ." ಅಂದ ಕೂಡಲೇ ಎದ್ದು ಹೋಗಿ ಬಾಯಿ ಮುಕ್ಕಳಿಸಿದ. ಕನ್ನಡಿಯಲ್ಲಿ ಕಂಡ ಮುಖ ಅಸಹ್ಯವಾಗಿತ್ತು. ಅದನ್ನು ನೋಡುತ್ತಲೇ ಅವನು ಆಟಕ್ಕೆ ಬರುವ ಹೊಗಳಿಕೆಗೂ ಕಾದಿದ್ದ.

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಬೆನ್ನಿಗೆ ಯಾರದೋ ತಲೆಯ ಎಣ್ಣೆಯ ಕಲೆ. ಆರು ವರ್ಷದವನಿದ್ದಾಗ ಇಂಥದೇ ಸೀಟಿನ ಹಿಂದೆ ಅವನಿಗೆ ವಾಂತಿ ಬಂದಿತ್ತು, ಅಕ್ಕ ತನ್ನ ಶಾಲೆಯ ಚೀಲದಿಂದ ಪುಸ್ತಕಗಳನ್ನೆಲ್ಲ ಸುರಿದು, ಚೀಲದ ಬಾಯಿ ಅಗಲಿಸಿ ಅವನ ಗಲ್ಲದ ಕೆಳಗೆ ಹಿಡಿದಿದ್ದಳು. ಸುತ್ತಲಿನವರು ಛೀ ಛೀ ಎಂದು ಸರಿದು ಕೂತರು. ಅವಳು ಒಂದು ಕೈಯಲ್ಲಿ ಅವನ ಹಣೆ ಒತ್ತಿ ಹಿಡಿದು, "ಆಯ್ತು, ಇನ್ನೂ ಬರ್ಲಿ, ಎಲ್ಲಾ ಬರ್ಲಿ," ಎನ್ನುತ್ತಿದ್ದಳು, ಉಣಿಸುವವಳ ಹಾಗೆ. ಅದೇ ಚೀಲವನ್ನು ತೊಳೆದು ಆ ವರ್ಷವಿಡೀ ಶಾಲೆಗೆ ಹೊತ್ತಳು. ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲವಂತೆ. ಇದನ್ನು ನೆನೆದರೆ ಕಣ್ಣು ತುಂಬಬೇಕು. ಅವನಿಗೆ ತುಂಬಲಿಲ್ಲ, ಆ ಚೀಲದ ಹುಳಿ ವಾಸನೆ ಮೂಗಿಗೆ ಬಂತು. ಯಾರಿಗೂ ಹೇಳಲಾಗದ ಮಾತು ಇದು: ಅವಳು ಆವತ್ತು ಹೇಸದೆ ಇದ್ದದ್ದಕ್ಕೇ ಅವನಿಗೆ ಅವಳ ಮೇಲೆ ಸಿಟ್ಟು. ತನ್ನ ನಿಲ್ದಾಣ ಬಂದರೂ ಇಳಿಯದೆ ಕೂತ. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ.

ಬಾಗಿಲು ತೆರೆದರೆ ಅಕ್ಕನ ಕೋಣೆ ಖಾಲಿ. ಅವನ ಕೋಣೆಯಲ್ಲಿ ದೀಪವಿತ್ತು. ಅಕ್ಕ ಅವನ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕುರ್ಚಿಗೆ ಮೊದಲು ಒಂದು ಹಳೆಯ ಚಾದರ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ತುದಿಯಲ್ಲಿ ಕೂತಿದ್ದಳು. ಪರದೆಯ ಮೇಲೆ ಅವನು ಮನೆಯಲ್ಲಿ ಪರೀಕ್ಷಿಸಲು ತಂದಿಟ್ಟ ಆಟ ಓಡುತ್ತಿತ್ತು, ಮತ್ತು ಅವಳ ಮರಗಟ್ಟಿದ ಬೆರಳುಗಳು ಕೀಲಿಗಳನ್ನು ಒಂದೊಂದಾಗಿ, ಗುಂಡಿ ಹೊಲಿಯುವ ನಿಧಾನದಲ್ಲಿ ಒತ್ತುತ್ತಿದ್ದವು. ಮದ್ದು ಹಾಕುವವಳ ಪಾತ್ರ ಆರಿಸಿಕೊಂಡಿದ್ದಳು.

"ಬಯ್ಯಬೇಡ. ಹಗಲು ಹೊತ್ತೇ ಹೋಗಲ್ಲ ಕಣೋ," ಎಂದಳು ತಿರುಗದೆ. "ಹತ್ತು ದಿನದಿಂದ ಆಡ್ತಿದೀನಿ. ಜೌಗು ದಾಟೋಕೇ ಆಗ್ತಿಲ್ಲ. ಆ ಮುದುಕಿ ಎಲ್ಲರನ್ನೂ ಬಿಟ್ಟು ನನ್ನ ಮೇಲೇ ಊದ್ತಾಳೆ."

ಅವನು ಬಾಗಿಲಲ್ಲೇ ನಿಂತ. ಮುದುಕಿ ಊದಿದಳು. ಮದ್ದಿನವಳ ಸುತ್ತ ಹಸಿರು ಮಂಜು. ಐದು ಜನ, ಗಲ್ಲ ಎಡಕ್ಕೆ, ಬೆರಳ ಗೆಣ್ಣು ಮೇಲ್ದುಟಿಗೆ, ಒಂದು ಹೆಜ್ಜೆ ಹಿಂದೆ. ಕೋಣೆ ಚಿಕ್ಕದು, ಪರದೆ ದೊಡ್ಡದು.

"ಇದನ್ನ ಯಾರನ್ನ ನೋಡಿ ಮಾಡಿದ್ರು?"

"ಗೊತ್ತಿಲ್ಲ. ಗೊಂಬೆ ಅಂತ ಒಬ್ಳಿದಾಳೆ, ಅವಳ ಕೆಲಸ."

"ಚೆನ್ನಾಗಿ ನೋಡಿದಾಳೆ," ಎಂದಳು ಅಕ್ಕ. "ಎಷ್ಟು ಹೊತ್ತು ಇರುತ್ತೆ ಅಂತ ಎಣಿಸ್ದೆ. ಹನ್ನೆರಡು. ನೀನು ನನಗೆ ನೀರಿಟ್ಟು ಹೋಗೋಕೂ ಅಷ್ಟೇ ಹೊತ್ತು." ದನಿಯಲ್ಲಿ ಆಪಾದನೆ ಇರಲಿಲ್ಲ, ತೋಳಿನ ಅಳತೆ ಹೇಳುವಾಗ ಹೀಗೇ ಹೇಳುತ್ತಿದ್ದಳು. ಪರದೆಯಲ್ಲಿ ಮದ್ದಿನವಳು ಸತ್ತು ಬಿದ್ದಳು. ಒಡನಾಡಿಗಳು ವಾಪಸು ಬಂದು ಅವಳ ಸುತ್ತ ನಿಂತರು. ಅಕ್ಕ ಕುರ್ಚಿಯ ಹಿಡಿ ಊರಿ ಎದ್ದು, ಚಾದರ ಪ್ಲಾಸ್ಟಿಕ್ಕುಗಳನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡಳು. "ಬಾ, ನೀರು ಕಾದಿದೆ."

ಅವಳು ಹಾಸಿಗೆಯ ಅಂಚಿನಲ್ಲಿ ಒರಗಿ ಕೂತು ರವಿಕೆಯ ಕೆಳಗಿನ ಬಟ್ಟೆ ಸರಿಸಿದಳು. ಅವನು ಕೈಗವಸು ಹಾಕಿಕೊಂಡು ಮಂಡಿಯೂರಿದ. ಮೊದಲು ಹೊಸ ಬಿಲ್ಲೆಗೆ ತೂತು ಕತ್ತರಿಸಿದ. ಅದು ದೊಡ್ಡದಾಯಿತು. "ಇನ್ನೊಂದು ತಗೋ. ಕತ್ತರಿ ಅಲ್ಲ, ಬಟ್ಟೆ ತಿರುಗಬೇಕು," ಎಂದಳು ಅಕ್ಕ. ಎರಡನೆಯದು ಸರಿಯಾಯಿತು. ಆಮೇಲೆ ಹಳೆಯದನ್ನು ಮೇಲಿನಿಂದ ಬಿಡಿಸತೊಡಗಿದ. ಅಂಟು ಚರ್ಮವನ್ನು ಎಳೆದುಕೊಂಡು ಬಂತು. ಒಳಗಿನ ಬೆಚ್ಚನೆಯ ಭಾರ ಅಂಗೈಗೆ ಇಳಿಯಿತು. ನಾಲ್ಕು ತಿಂಗಳಿಂದ ಅನುಮಾನವಾಗಿದ್ದ ನಾತ ಈಗ ಅನುಮಾನವಾಗಿರಲಿಲ್ಲ. ಒದ್ದೆ ಕೆಂಪಗಿನ ಒಂದು ಮೊಗ್ಗು, ಅದು ಅವನು ನೋಡುತ್ತಿದ್ದಂತೆಯೇ ತುಟಿಯ ಹಾಗೆ ಅಲುಗಿತು. ಅವನ ಮೂಗು ತುಟಿ ಸುರುಟಿಕೊಂಡವು. ಪರದೆಯ ಹೂವು ನೋಡಲು ತಲೆಯೆತ್ತಿದರೆ ಅಡ್ಡಲಾಗಿ ಅಕ್ಕನ ಮುಖವಿತ್ತು. ಅವಳು ಹೊಟ್ಟೆಯನ್ನಲ್ಲ, ಅವನನ್ನು ನೋಡುತ್ತಿದ್ದಳು.

"ಒಂದು," ಎಂದಳು ಅಕ್ಕ ಮೆಲ್ಲಗೆ. "ಎರಡು. ಮೂರು. ಹನ್ನೆರಡಕ್ಕೆ ಮುಗಿಯುತ್ತಲ್ಲ, ಎಣಿಸ್ತೀನಿ. ನೀನು ಕೈ ಬಿಡಬೇಡ. ನಾಲ್ಕು."

ಎರಡೂ ಕೈ ತುಂಬಿತ್ತು, ಮೇಲ್ದುಟಿಗೆ ಹೋಗುವಂತಿರಲಿಲ್ಲ. ಅವಳು ಹನ್ನೆರಡು ಎಂದಳು. ಏನೂ ಮುಗಿಯಲಿಲ್ಲ. ಮತ್ತೆ ಒಂದರಿಂದ ಶುರು ಮಾಡಿದಳು. ಅವನು ಒರೆಸಿದ, ಒಣಗಿಸಿದ, ಬಿಲ್ಲೆ ಒತ್ತಿ ಸುತ್ತಲೂ ಬೆರಳಾಡಿಸಿ ಅಂಟಿಸಿದ. ಆರನೆಯ ಹನ್ನೆರಡೋ ಏಳನೆಯದೋ ಆಗುವಷ್ಟರಲ್ಲಿ ಹೊಸ ಚೀಲ ಕೂತಿತ್ತು, ಹಳೆಯದು ಪತ್ರಿಕೆಯೊಳಗಿತ್ತು. ಡಬ್ಬಕ್ಕೆ ಹಾಕಿ, ಮುಚ್ಚಳ ಒತ್ತಿ, ಕೈ ತೊಳೆದು ಬರುವಾಗ ಅವನಿಗೆ ಕುಣಿಯಬೇಕೆನ್ನಿಸುವಷ್ಟು ಹಗುರವಾಗಿತ್ತು. ಅಂಗೈ ಮೂಸಿ ನೋಡುವುದನ್ನೂ ಮರೆತಿದ್ದ.

"ಆಯ್ತು ನೋಡು," ಎಂದ. "ಇನ್ನು ನಾನೇ ಮಾಡ್ತೀನಿ. ಆ ಅರ್ಜಿ ಹರಿದು ಹಾಕ್ತೀನಿ."

ಅಕ್ಕ ಹಾಸಿಗೆಯಿಂದ ಎದ್ದು ನಿಂತಿದ್ದಳು. ಅವಳನ್ನು ಹಿಡಿದುಕೊಳ್ಳಲು ಅವನು ಕೈ ಚಾಚಿ ಹತ್ತಿರ ಹೋದ. ಅವಳ ಗಲ್ಲ ತುಸು ಎಡಕ್ಕೆ ತಿರುಗಿತು. ತೋರುಬೆರಳ ಗೆಣ್ಣು ಮೇಲ್ದುಟಿಗೆ ಹೋಯಿತು. ಎಡಗಾಲು ಒಂದು ಹೆಜ್ಜೆ ಹಿಂದಕ್ಕೆ. ಅಣಕಿಸುತ್ತಿದ್ದಾಳೆಂದು ಅವನು ಅವಳ ಕಣ್ಣಲ್ಲಿ ಕುಚೋದ್ಯ ಹುಡುಕಿದ. ಅಲ್ಲಿ ಅಕ್ಕರೆಯ ನಗು ಇದ್ದ ಹಾಗೇ ಇತ್ತು. ಅವನ ಚಾಚಿದ ಕೈ ಏನು ಮಾಡಬೇಕೆಂದು ತಿಳಿಯದೆ ನಿಂತಿತು. ಮೈ ಸುತ್ತ ಹಸಿರು ಮಂಜು ಹಿಡಿದವನಂತೆ ನಿಂತ.

"ಚೆನ್ನಾಗೇ ಮಾಡ್ದೆ," ಎಂದಳು ಅಕ್ಕ, ಆ ದೂರದಿಂದಲೇ. "ಆದ್ರೆ ನಿನ್ನ ಮುಖ ನನಗೆ ನೋಡೋಕಾಗಲ್ಲ ಕಣೋ. ವಾರಕ್ಕೆರಡು ಸಲ ಅದನ್ನ ನೋಡೋದು ನಂಗೆ ಹೇಸಿಗೆ. ನಿಜವಾಗ್ಲೂ. ಸಹಿ ಮಾಡು."

"ಅಕ್ಕಾ, ಅಲ್ಲಿ ಯಾರಿರ್ತಾರೆ ನಿನಗೆ?"

"ಯಾರೂ ಇರಲ್ಲ. ಅಲ್ಲಿರೋರಿಗೆ ನನ್ನ ಮೇಲೆ ಪ್ರೀತಿ ಇರಲ್ಲ. ಹಿಂದೆ ಸರಿಯೋದೂ ಇಲ್ಲ."

ಅವಳು ಗೋಡೆ ಹಿಡಿದುಕೊಂಡು ಅವನ ಕೋಣೆಗೆ ನಡೆದಳು, ಚಾದರವನ್ನೂ ಪ್ಲಾಸ್ಟಿಕ್ಕನ್ನೂ ಮರೆಯದೆ ತೆಗೆದುಕೊಂಡು. ಅವನು ಮೇಜಿನ ಮುಂದೆ ಕೂತ. ಅರ್ಜಿಯ ಮೇಲೆ ಮೂರು ದಿನದ ಧೂಳಿತ್ತು, ನಿಜವಾದ ಧೂಳು. ಬೆರಳಿಂದ ಒರೆಸಿದ. ರೋಗಿಯ ಹೆಸರು, ವಯಸ್ಸು, ರೋಗ ಎಲ್ಲವನ್ನೂ ನರ್ಸ್ ತುಂಬಿದ್ದಳು. ಸಂಬಂಧ ಎನ್ನುವ ಖಾನೆಯೊಂದನ್ನು ಬಿಟ್ಟಿದ್ದಳು. ಅಲ್ಲಿ ತಮ್ಮ ಎಂದು ಬರೆದ. ಒಳಗಿನಿಂದ ಮುದುಕಿ ಊದುವ ಸದ್ದು ಕೇಳಿಸಿತು, ಆಮೇಲೆ ಐದು ಜನ ಹಿಂದೆ ಸರಿಯುವ ಕಾಲ ಸದ್ದು. ಪೆನ್ನು ಹಿಡಿದು ಅವನು ಎಣಿಸುತ್ತ ಕೂತ. ಹನ್ನೆರಡಕ್ಕೆ ಅವರೆಲ್ಲ ವಾಪಸು ಬಂದರು. ಅವನು ಸಹಿ ಮಾಡಿದ.